ಊರ ಲೈಬ್ರರಿಯ ಪಟ್ಟಿ ವೆಬ್‌ಗೆ ಏರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಚಿಕ್ಕ ಲೈಬ್ರರಿಗಳ ಪುಸ್ತಕ ಪಟ್ಟಿಯನ್ನು ಆನ್‌ಲೈನ್‌ಗೆ ತರುವ ಕೆಲಸಕ್ಕೆ ಕೆಲವು ವರ್ಷದಿಂದ ಕೈ ಹಾಕಿಕೊಂಡು ಕೂತಿದ್ದೇನೆ. ಲೈಬ್ರರಿಯನ್‌ಗಳು, ಮೇಷ್ಟ್ರುಗಳು, ಇಂಜಿನಿಯರಿಂಗ್ ಓದುವ ಹುಡುಗರು, ಎಲ್ಲರೂ ಸುತ್ತಿ ಬಳಸಿ ಅವೇ ಪ್ರಶ್ನೆಗಳಿಗೆ ಬರುತ್ತಾರೆ. ಕೆಲವು ಟೀ ಕುಡಿಯುವಾಗ ಬಂದವು, ಕೆಲವು ಕಾಗದದಲ್ಲಿ, ಜಾಸ್ತಿ ವಾಟ್ಸಾಪ್‌ನಲ್ಲಿ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲ ಓದಬೇಕಿಲ್ಲ, ನಿಮಗೆ ಬೇಕಾದ್ದಕ್ಕೆ ನೇರ ಹೋಗಿ.

## ಶುರು ಮಾಡುವ ಮುಂಚೆ

ಓಪನ್ ಲೈಬ್ರರಿ ಡೇಟಾ ಅಂದ್ರೆ ಪುಸ್ತಕಗಳನ್ನೇ ಫ್ರೀಯಾಗಿ ಓದೋಕೆ ಹಾಕೋದಾ?

ಅಲ್ಲ. ಪುಸ್ತಕ ಬೇರೆ, ಪುಸ್ತಕದ ಬಗ್ಗೆ ಇರುವ ಮಾಹಿತಿ ಬೇರೆ. "ಈ ಹೆಸರಿನ ಪುಸ್ತಕ, ಇವರು ಬರೆದದ್ದು, ಈ ವರ್ಷ ಅಚ್ಚಾದದ್ದು, ನಮ್ಮ ಮೂರನೇ ಬೀರುವಿನಲ್ಲಿದೆ" ಅನ್ನುವ ಒಂದು ಸಾಲು ಇರುತ್ತದಲ್ಲ, ಅಂಥ ಸಾಲುಗಳನ್ನೆಲ್ಲ ಒಂದು ಫೈಲ್ ಮಾಡಿ, ಯಾರು ಬೇಕಾದರೂ ಇಳಿಸಿಕೊಂಡು ತಮಗೆ ಬೇಕಾದ ಹಾಗೆ ಬಳಸಲು ಬಿಡುವುದೇ ಓಪನ್ ಡೇಟಾ. ಬ್ರಿಟಿಷ್ ಲೈಬ್ರರಿ 2010ರಲ್ಲಿ ತನ್ನ ರಾಷ್ಟ್ರೀಯ ಗ್ರಂಥಸೂಚಿಯ ಸುಮಾರು 30 ಲಕ್ಷ ದಾಖಲೆಗಳನ್ನು ಹೀಗೆ ಬಿಟ್ಟಿತು. ಹಾರ್ವರ್ಡ್ 2012ರಲ್ಲಿ 1.2 ಕೋಟಿ ದಾಖಲೆ ಬಿಟ್ಟಿತು. ಪುಸ್ತಕಗಳು ಕಪಾಟಿನಲ್ಲೇ ಇದ್ದವು.

ನಮ್ಮೂರ ಲೈಬ್ರರೀಲಿ ಇರೋದೇ ಮೂರು ಸಾವಿರ ಪುಸ್ತಕ, ಅದಕ್ಕೂ ಇವೆಲ್ಲ ಬೇಕಾ ಸಾ?

ಬೇಕು. ಹಾರ್ವರ್ಡ್‌ನಲ್ಲಿ ಇರುವುದು ಬೇರೆ ಹತ್ತು ಕಡೆಯೂ ಸಿಗುತ್ತದೆ. ನಿಮ್ಮೂರ ಹಬ್ಬದ ಸ್ಮರಣ ಸಂಚಿಕೆ, ಹೈಸ್ಕೂಲಿನ ಬೆಳ್ಳಿಹಬ್ಬದ ಪುಸ್ತಕ, ಕಬ್ಬು ಬೆಳೆಗಾರರಿಗೆ ಅಂತ ಯಾವಾಗಲೋ ಅಚ್ಚಾಕಿಸಿದ 24 ಪುಟದ ಕೈಪಿಡಿ, ಇವು ನಿಮ್ಮಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲದೆ ಇರಬಹುದು. ಇದೆ ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ಇಲ್ಲದ ಹಾಗೇ ಅಲ್ವಾ?

ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟುಹೋದ ಓಲೆಗರಿ ಕಟ್ಟು ನಮ್ಮ ಓರಿಯಂಟಲ್ ಲೈಬ್ರರಿಯಲ್ಲಿತ್ತು. ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ 1905ರಲ್ಲಿ ಗುರುತಿಸಿದವರು ಅಲ್ಲೇ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅಚ್ಚಾಯಿತು. ಕಟ್ಟು ಬಿಚ್ಚಿ ನೋಡಿ ಏನಿದೆ ಅಂತ ಬರೆದಿಡುವ ಒಬ್ಬರು ಅಲ್ಲಿದ್ದರು, ಅಷ್ಟೇ.

ಇನ್ನೊಂದು ಕಾರಣವೂ ಇದೆ. 2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವನಗರದಲ್ಲಿ ಕೂಲಿ ಕೆಲಸ ಮಾಡುವ ಒಬ್ಬರು ಕಟ್ಟಿದ್ದ ಗ್ರಂಥಾಲಯ ಸುಟ್ಟುಹೋಯಿತು. ಸಾವಿರಾರು ಪುಸ್ತಕ ಬೂದಿಯಾದವು. ಪಟ್ಟಿ ಬೆಂಕಿಯನ್ನು ತಡೆಯುವುದಿಲ್ಲ ನಿಜ, ಆದರೆ ಯಾವ ಪುಸ್ತಕವನ್ನು ಮತ್ತೆ ಹುಡುಕಿ ತರಬೇಕು ಅನ್ನುವುದಾದರೂ ಉಳಿಯುತ್ತದೆ.

ಪಟ್ಟೀನ ಪಿಡಿಎಫ್ ಮಾಡಿ ಹಾಕಿದ್ದೀವಲ್ಲ, ಸಾಲದಾ?

ಏನೂ ಇಲ್ಲದ್ದಕ್ಕಿಂತ ಮೇಲು. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಓಪನ್ ಡೇಟಾಗೆ ಐದು ನಕ್ಷತ್ರದ ಒಂದು ಅಳತೆ ಮಾಡಿದ್ದಾರೆ. ಮುಕ್ತ ಲೈಸೆನ್ಸ್ ಹಾಕಿದ ಪಿಡಿಎಫ್‌ಗೆ ಒಂದು ನಕ್ಷತ್ರ, ಎಕ್ಸೆಲ್‌ಗೆ ಎರಡು, ಕಾಲಂಗಳನ್ನು ಬರೀ ಕಾಮಾ ಹಾಕಿ ಬೇರ್ಪಡಿಸಿದ, ಯಾವ ಕಂಪನಿಯ ಹಂಗೂ ಇಲ್ಲದ ಸಿಎಸ್‌ವಿ ಫೈಲ್‌ಗೆ ಮೂರು. ಪ್ರತಿ ಪುಸ್ತಕಕ್ಕೂ ತನ್ನದೇ ವೆಬ್ ವಿಳಾಸ ಕೊಟ್ಟರೆ ನಾಲ್ಕು, ಅದನ್ನು ಬೇರೆಯವರ ಡೇಟಾಗೆ ಕೊಂಡಿ ಹಾಕಿದರೆ ಐದು. ಮೂರಕ್ಕೆ ಬಂದರೆ ನನ್ನ ಪ್ರಕಾರ ಮುಕ್ಕಾಲು ಕೆಲಸ ಆದ ಹಾಗೆ. ಸಹಿ ಸೀಲು ಹಾಕಿ ಸ್ಕ್ಯಾನ್ ಮಾಡಿದ ಪಿಡಿಎಫ್ ಮಾತ್ರ ಬೇಡ ಸ್ವಾಮಿ, ಅದರಲ್ಲಿ ಒಂದು ಹೆಸರೂ ಹುಡುಕೋಕಾಗಲ್ಲ.

ಸಾಫ್ಟ್‌ವೇರ್ ಯಾವುದು ಹಾಕ್ಲಿ, ಕೊಹಾನೇ ಬೇಕಾ?

ಪುಸ್ತಕ ಕೊಡೋದು, ವಾಪಸ್ ತಗೊಳೋದು, ದಂಡ, ಸದಸ್ಯತ್ವ ಎಲ್ಲ ಕಂಪ್ಯೂಟರ್‌ನಲ್ಲೇ ಆಗಬೇಕು ಅಂದರೆ ಕೊಹಾ ಒಳ್ಳೆಯದು. ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ. ನ್ಯೂಜಿಲೆಂಡಿನ ಹೊರೊವೆನುವಾ ಅನ್ನುವ ಕಡೆ ಲೈಬ್ರರಿಯವರ ಹಳೆಯ ಸಾಫ್ಟ್‌ವೇರ್ 2000ನೇ ಇಸವಿ ದಾಟುವ ಹಾಗಿರಲಿಲ್ಲ. ಹೊಸದು ಕೊಳ್ಳುವ ಬದಲು ಇದನ್ನು ಮಾಡಿಸಿಕೊಂಡು ಜಗತ್ತಿಗೆಲ್ಲ ಬಿಟ್ಟುಕೊಟ್ಟರು. ಮಾವೋರಿ ಭಾಷೆಯಲ್ಲಿ ಕೊಹಾ ಅಂದರೆ ಉಡುಗೊರೆ.

ಆದರೆ ಕೊಹಾಗೆ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ಒಬ್ಬರು ಬೇಕು. ಒಬ್ಬರೇ ಲೈಬ್ರರಿಯನ್, ಅವರೇ ಬಾಗಿಲು ತೆಗೆದು ಕಸ ಗುಡಿಸುವವರು ಅನ್ನುವ ಕಡೆ ಒಂದು ಸ್ಪ್ರೆಡ್‌ಶೀಟ್ ಸಾಕು. ಸರ್ಕಾರಿ ಲೈಬ್ರರಿಯಾಗಿ, ಕೇಂದ್ರ ಸರ್ಕಾರದ ಎನ್‌ಐಸಿಯವರ ಇ-ಗ್ರಂಥಾಲಯ ಸಾಫ್ಟ್‌ವೇರ್ ಆಗಲೇ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಯಾವುದೇ ಆಗಲಿ, ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನಮ್ಮ ಪೂರ್ತಿ ಪಟ್ಟಿ ನಾಳೆ ಬೆಳಿಗ್ಗೆ ಬೇಕು ಅಂದರೆ ಫೈಲ್ ಆಗಿ ಈಚೆಗೆ ಬರುತ್ತಾ? ತಡವರಿಸಿದರೆ ಬೇಡ.

## ಪಟ್ಟಿ ಮಾಡುವಾಗ

ಯಾವ್ಯಾವ ಕಾಲಂ ಇಟ್ಕೋಬೇಕು? ನಮ್ಮ ಹುಡುಗ ಮೂವತ್ತು ಮಾಡಿದಾನೆ

ಹುಡುಗನಿಗೆ ಹೇಳಿ, ಕಾಲಂ ಮಾಡೋದು ಸುಲಭ, ತುಂಬೋರು ಯಾರು? ಒಂದು ಕಾಲಂ ತುಂಬಲು 20 ಸೆಕೆಂಡ್ ಅಂತಿಟ್ಟುಕೊಳ್ಳಿ. ಮೂರು ಸಾವಿರ ಪುಸ್ತಕಕ್ಕೆ ಹತ್ತಿರ ಹತ್ತಿರ 17 ಗಂಟೆ, ಒಂದೇ ಕಾಲಂಗೆ. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕ ಮನೆ ನೋಡಿದ್ದೀರಲ್ಲ, ಅಲ್ಲಿರುವುದು ಲಕ್ಷಗಟ್ಟಲೆ. ಪ್ರತಿ ಲಕ್ಷಕ್ಕೆ ಒಂದು ಕಾಲಂ ಅಂದರೆ 555 ಗಂಟೆ.

ನಾನು ಇಡುವುದು ಒಂಬತ್ತು. ಪರಿಗ್ರಹಣ ಸಂಖ್ಯೆ, ಹೆಸರು, ಲೇಖಕರು, ಪ್ರಕಾಶಕರು, ಊರು, ವರ್ಷ, ಪುಸ್ತಕದ ಮೇಲೆ ಅಚ್ಚಾಗಿರುವ ಐಎಸ್‌ಬಿಎನ್ ಸಂಖ್ಯೆ ಇದ್ದರೆ ಅದು, ಕಪಾಟಿನ ಸಂಖ್ಯೆ, ಮತ್ತೆ ಟಿಪ್ಪಣಿ. ಇದರಲ್ಲಿ ಪರಿಗ್ರಹಣ ಸಂಖ್ಯೆಯೇ ಬೇರು. ರಿಜಿಸ್ಟರ್‌ನಲ್ಲಿ ಒಂದು ಪುಸ್ತಕಕ್ಕೆ ಒಂದು ಸಲ ಬಿದ್ದರೆ ಮುಗಿಯಿತು, ಬದಲಾಗುವುದಿಲ್ಲ. ಮುಂದೆ ವೆಬ್ ವಿಳಾಸಕ್ಕೂ ಇದೇ ಕೆಲಸಕ್ಕೆ ಬರುತ್ತದೆ.

ವರ್ಷದ ಕಾಲಂನಲ್ಲಿ ಒಂದು ತಾಪತ್ರಯ ಇದೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಸಂವತ್ಸರದ ಹೆಸರು ಮಾತ್ರ ಇರುವುದುಂಟು. ಸಂವತ್ಸರ 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ, ಬರೀ "ಪ್ರಭವ" ಅಂದರೆ 1867 ಆಗಬಹುದು, 1927 ಆಗಬಹುದು. ಊಹೆ ಮಾಡಿ ತುಂಬಬೇಡಿ. ವರ್ಷ ಖಾಲಿ ಬಿಡಿ, ಇದ್ದದ್ದನ್ನು ಇದ್ದ ಹಾಗೆ ಟಿಪ್ಪಣಿಯಲ್ಲಿ ಬರೆಯಿರಿ.

ಹಳೇ ಪಟ್ಟಿ ನುಡಿ ಫಾಂಟ್‌ನಲ್ಲಿದೆ, ವೆಬ್‌ಗೆ ಹಾಕಿದ್ರೆ ಏನೇನೋ ಕಾಣ್ತದೆ

ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿ ಕೆಲಸ ನಡೆಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಚಿತ್ರ ಹೋಗಿ ಅಡಿಯಲ್ಲಿದ್ದ ಚಿಹ್ನೆಗಳು ಕಾಣುತ್ತವೆ. ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯುನಿಕೋಡ್ ಸಂಕೇತಕ್ಕೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಈಗಿನ ನುಡಿ, ಬರಹಗಳಲ್ಲೂ ಯುನಿಕೋಡ್ ಇದೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಂದ ನೋಡಲೇಬೇಕು, ತಪ್ಪು ಅಲ್ಲೇ ಕೂತಿರುತ್ತದೆ.

ಯುನಿಕೋಡ್ ಆದ ಮೇಲೂ ಒಂದು ಕಣ್ಣಿಗೆ ಕಾಣದ ಕಾಟ ಇದೆ. "ಕೋ" ಅನ್ನುವುದರ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಕಂಪ್ಯೂಟರ್‌ಗೆ ಮಾತ್ರ ಬೇರೆ ಬೇರೆ, "ಕೋಲಾರ" ಹುಡುಕಿದರೆ ಅರ್ಧ ಪುಸ್ತಕ ಬರುತ್ತದೆ, ಅರ್ಧ ಬರುವುದಿಲ್ಲ. ಯುನಿಕೋಡ್ ನಾರ್ಮಲೈಸ್ ಮಾಡುವುದು ಅಂತಾರೆ ಇದನ್ನು ಸರಿ ಮಾಡುವುದಕ್ಕೆ, ಪೈಥಾನ್ ಪ್ರೋಗ್ರಾಮಿಂಗ್ ಬಲ್ಲ ಹುಡುಗರಿಗೆ ಒಂದು ಸಾಲಿನ ಕೆಲಸ. ವರ್ಷವನ್ನು ಕನ್ನಡ ಅಂಕಿಯಲ್ಲಿ ಬರೆಯಬೇಕಾ ಇಂಗ್ಲಿಷ್ ಅಂಕಿಯಲ್ಲಾ ಅನ್ನುವುದನ್ನೂ ಮೊದಲೇ ತೀರ್ಮಾನಿಸಿ, ಒಂದನ್ನೇ ಹಿಡಿಯಿರಿ.

ಐಎಸ್‌ಬಿಎನ್ ಹಾಕಿದ್ರೆ 9.78 ಅಂತ ಏನೋ ಆಗೋಗ್ತದಲ್ಲ?

ಸ್ಪ್ರೆಡ್‌ಶೀಟ್ ಅದನ್ನು ದೊಡ್ಡ ಸಂಖ್ಯೆ ಅಂದುಕೊಂಡು ಚಿಕ್ಕದು ಮಾಡುತ್ತದೆ. ತುಂಬುವ ಮುಂಚೆ ಆ ಕಾಲಂ ಪೂರ್ತಿ "ಟೆಕ್ಸ್ಟ್" ಅಂತ ಮಾಡಿ. ಹಾಗೇ ಬಿಟ್ಟು ಸಿಎಸ್‌ವಿ ಮಾಡಿ ಉಳಿಸಿಬಿಟ್ಟರೆ ಹೋದ ಅಂಕಿ ಬರುವುದಿಲ್ಲ. 2007ಕ್ಕೆ ಮುಂಚಿನ ಪುಸ್ತಕದಲ್ಲಿ 10 ಅಂಕಿ, ಆಮೇಲಿನದರಲ್ಲಿ 13, ಎರಡೂ ಸರಿಯೇ. ತೀರಾ ಹಳೆಯದರಲ್ಲಿ ಇರುವುದೇ ಇಲ್ಲ, ಹುಡುಕಿ ಸುಸ್ತಾಗಬೇಡಿ.

ಕುವೆಂಪು ಅಂತ ಬರೀಬೇಕಾ, ಕೆ.ವಿ. ಪುಟ್ಟಪ್ಪ ಅಂತಾನಾ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು, ಅತಿ ಒಳ್ಳೆಯ ಪ್ರಶ್ನೆಯೂ ಹೌದು. ನಮ್ಮಲ್ಲಿ ಕಾವ್ಯನಾಮ ಇಲ್ಲದ ಲೇಖಕರನ್ನು ಹುಡುಕಬೇಕು. ತ್ರಿವೇಣಿ ಅಂದರೆ ಅನಸೂಯಾ ಶಂಕರ್. ಮಾಸ್ತಿಯವರು ಬರೆದದ್ದು "ಶ್ರೀನಿವಾಸ" ಅನ್ನುವ ಹೆಸರಲ್ಲಿ, ಬರೀ ಶ್ರೀನಿವಾಸ ಅಂತ ಹುಡುಕಿ ನೋಡಿ, ಮೈಸೂರಿನ ಅರ್ಧ ಜನ ಬರುತ್ತಾರೆ. ಇನ್ನು ಇನಿಷಿಯಲ್ ಬೇರೆ: ಚುಕ್ಕಿ ಇಟ್ಟು, ಇಡದೆ, ಮುಂದೆ, ಹಿಂದೆ.

ಲೈಬ್ರರಿ ವಿದ್ಯೆಯಲ್ಲಿ ಇದಕ್ಕೆ ಹಳೆಯ ಮದ್ದು ಇದೆ. ಪುಸ್ತಕದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಒಂದು ಕಡೆ ಬರೆಯುವುದು, ಜೊತೆಗೆ ಎಲ್ಲ ಹೆಸರಿಗೂ ಸೇರಿ ಒಂದೇ ಒಪ್ಪಿತ ಹೆಸರನ್ನು ಇನ್ನೊಂದು ಕಾಲಂನಲ್ಲಿ ಇಡುವುದು. ಯಾವುದನ್ನು ಒಪ್ಪಿತ ಅನ್ನಬೇಕು? ಓದುಗರು ಯಾವ ಹೆಸರಿಂದ ಕೇಳುತ್ತಾರೋ ಅದು. ನಿಮ್ಮ ಕೌಂಟರ್ ಹತ್ತಿರ ಬಂದು ಯಾರಾದರೂ "ಪುಟ್ಟಪ್ಪನವರ ಕಾದಂಬರಿ ಕೊಡಿ" ಅಂದಿದ್ದಾರಾ? ಕುವೆಂಪು ಅಂತಲೇ ಇಡಿ. ಇನ್ನೂ ಗಟ್ಟಿ ಮಾಡಬೇಕು ಅಂದರೆ ವಿಕಿಪೀಡಿಯ ಬಳಗದ ಮುಕ್ತ ಡೇಟಾ ಭಂಡಾರವಾದ ವಿಕಿಡೇಟಾದಲ್ಲಿ ಆ ಲೇಖಕರಿಗೆ ಇರುವ ಸಂಖ್ಯೆ ಹಾಕಿ. ಹೆಸರು ಯಾವ ಲಿಪಿಯಲ್ಲಿದ್ದರೂ ಸಂಖ್ಯೆ ಒಂದೇ.

ಈಗಾಗಲೇ ಕಲಸಿಹೋಗಿರುವ ಪಟ್ಟಿಗೆ ಓಪನ್‌ರಿಫೈನ್ ಅನ್ನುವ ಉಚಿತ ಸಾಧನ ಇದೆ. ಒಂದೇ ಥರ ಕಾಣುವ ಹೆಸರುಗಳನ್ನು ಗುಂಪು ಮಾಡಿ ಮುಂದಿಡುತ್ತದೆ, ಸೇರಿಸಬೇಕಾ ಬೇಡವಾ ಅಂತ ನೀವು ಹೇಳಬೇಕು. ಸುಮ್ನೆ ಎಲ್ಲಕ್ಕೂ ಹೂಂ ಅನ್ನಬೇಡಿ. ನಾನು ಹಾಗೆ ಅಂದು, ಅಪ್ಪ ಮಗ ಇಬ್ಬರೂ ಲೇಖಕರಾಗಿದ್ದವರನ್ನು ಒಬ್ಬರನ್ನಾಗಿ ಮಾಡಿ, ಮಗ ಹುಟ್ಟುವ ಮುಂಚೆಯೇ ಎರಡು ಪುಸ್ತಕ ಬರೆದ ಹಾಗಾಗಿತ್ತು.

## ಸೈಟ್ ಜೋಡಿಸುವಾಗ

ಮೆನುವಿನಲ್ಲಿ ಏನೇನು ಇರ್ಬೇಕು?

ಮಾಮೂಲಾಗಿ ಇರುವುದೇನು? ನಮ್ಮ ಬಗ್ಗೆ, ಅಧ್ಯಕ್ಷರ ಸಂದೇಶ, ಫೋಟೋ ಗ್ಯಾಲರಿ, ಸಮಾರಂಭಗಳು. ಪುಸ್ತಕದ ಪಟ್ಟಿ ಎಲ್ಲಿದೆ ಅಂತ ನೋಡಿದರೆ "ಇತರೆ" ಅನ್ನುವುದರ ಒಳಗೆ. ಸಂಸ್ಥೆ ತನ್ನನ್ನು ತಾನು ಹೇಗೆ ನೋಡಿಕೊಳ್ಳುತ್ತದೋ ಹಾಗೆ ಮೆನು ಮಾಡಿದರೆ ಹೀಗೇ ಆಗುವುದು.

ನಾನು ಮಾಡಿದ ತಪ್ಪು ಬೇರೆ ಥರದ್ದು. ನನ್ನ ಸೈಟ್‌ಗೆ ಲೈಬ್ರರಿ ಡೇಟಾ, ತಂತ್ರಜ್ಞಾನದ ಬಗ್ಗೆ ಬರೆದಿದ್ದ ಐವತ್ತು ಅರವತ್ತು ಪುಟಗಳನ್ನು ಮಾರ್ಕ್, ಮೆಟಾಡೇಟಾ, ಪ್ರೋಟೋಕಾಲ್, ಸಾಫ್ಟ್‌ವೇರ್ ಅಂತ ಭಾಗ ಮಾಡಿಟ್ಟಿದ್ದೆ. ನೀಟಾಗಿದೆ ಅಂತ ನನಗೆ ಹೆಮ್ಮೆ. ಒಂದು ಭಾನುವಾರ ಪ್ರತಿ ಪುಟದ ಹೆಸರನ್ನೂ ಹಳೆಯ ಕ್ಯಾಟಲಾಗ್ ಕಾರ್ಡ್‌ಗಳ ಹಿಂಭಾಗದಲ್ಲಿ ಬರೆದುಕೊಂಡು ಸರಸ್ವತಿಪುರಂನ ಒಂದು ಮನೆಗೆ ಹೋದೆ. ನಾಲ್ಕು ಜನ ಓದುಗರ ಮುಂದೆ ಮೇಜಿನ ಮೇಲೆ ಹರಡಿ, ನಿಮಗೆ ತೋಚಿದ ಹಾಗೆ ಗುಂಪು ಮಾಡಿ ಅಂದೆ. ನನ್ನ "ಮೆಟಾಡೇಟಾ" ಭಾಗದ ಮುಕ್ಕಾಲು ಕಾರ್ಡ್ "ಇದೇನೋ ಗೊತ್ತಿಲ್ಲ" ಅನ್ನುವ ಗುಡ್ಡೆಗೆ ಹೋಯಿತು. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ "ಪುಸ್ತಕ ಹುಡುಕೋದು", "ಪಟ್ಟಿ ಮಾಡೋದು", "ಪಟ್ಟಿ ಬೇರೆಯವರಿಗೆ ಕೊಡೋದು" ಅಂತ ಮೂರು ಗುಡ್ಡೆ ಮಾಡಿ ಕಾಫಿ ಕುಡಿಯುತ್ತಾ ಕೂತರು.

ಅವರ ಮೂರು ಗುಡ್ಡೆಯೇ ಈಗ ನನ್ನ ಮೆನು. ಬರುವವರು ಮೂರೇ ಥರ: ಪುಸ್ತಕ ಬೇಕಾದವರು, ಇದೇ ಕೆಲಸ ಕಲಿಯಬೇಕಾದವರು, ಡೇಟಾ ಬೇಕಾದವರು. ಒಬ್ಬೊಬ್ಬರಿಗೆ ಒಂದೊಂದು ಬಾಗಿಲು. ಅಧ್ಯಕ್ಷರ ಫೋಟೋ ಪುಟದ ಅಡಿಯಲ್ಲಿ ಇರಲಿ, ಯಾರೂ ಬೇಡ ಅನ್ನಲ್ಲ.

ಒಂದು ಲೇಖನ ಎರಡು ವಿಭಾಗಕ್ಕೂ ಸೇರ್ತದೆ, ಎಲ್ಲಿ ಇಡೋದು?

ಕಪಾಟಿನಲ್ಲಿ ಪುಸ್ತಕ ಒಂದೇ ಜಾಗದಲ್ಲಿ ಇರಲು ಸಾಧ್ಯ. ವೆಬ್‌ನಲ್ಲಿ ಆ ಕಷ್ಟ ಇಲ್ಲ, ಆದರೂ ನಾವು ಕಪಾಟಿನ ಹಾಗೇ ಯೋಚಿಸುತ್ತೇವೆ. ಎಸ್.ಆರ್. ರಂಗನಾಥನ್ 1933ರಲ್ಲೇ ಕೋಲನ್ ವರ್ಗೀಕರಣ ಮಾಡಿ ದಾರಿ ತೋರಿಸಿದ್ದರು. ಒಂದು ವಿಷಯವನ್ನು ಒಂದೇ ಗೂಡಿಗೆ ತುರುಕುವ ಬದಲು ಅದರ ಬೇರೆ ಬೇರೆ ಮುಖಗಳನ್ನು ಬಿಡಿಸಿ ಹೇಳುವುದು ಅವರ ದಾರಿ. ಸೈಟ್‌ಗೂ ಹಾಗೇ ಮಾಡಿ. "ಕೊಹಾದಿಂದ ಸಿಎಸ್‌ವಿ ತೆಗೆಯುವುದು ಹೇಗೆ" ಅನ್ನುವ ಲೇಖನಕ್ಕೆ ಮೂರು ಗುರುತು: ಯಾರಿಗೆ ಅಂದರೆ ಲೈಬ್ರರಿಯನ್‌ಗೆ, ಯಾವ ಕೆಲಸ ಅಂದರೆ ಪಟ್ಟಿ ಹೊರತೆಗೆಯುವುದು, ಯಾವ ಸಾಧನ ಅಂದರೆ ಕೊಹಾ. ಯಾವ ಗುರುತು ಹಿಡಿದು ಬಂದರೂ ಅದೇ ಪುಟ ಸಿಗಬೇಕು, ಅದೇ ವಿಳಾಸದಲ್ಲಿ. ನಕಲು ಮಾಡಿ ಎರಡು ಕಡೆ ಇಟ್ಟರೆ ಆರು ತಿಂಗಳಲ್ಲಿ ಒಂದನ್ನು ತಿದ್ದಿರುತ್ತೀರಿ, ಇನ್ನೊಂದನ್ನು ಮರೆತಿರುತ್ತೀರಿ.

ಗುರುತುಗಳ ಪಟ್ಟಿ ಮಾತ್ರ ಮೊದಲೇ ಮಾಡಿಕೊಳ್ಳಿ. ಬರೆಯುವಾಗ ತೋಚಿದ್ದೆಲ್ಲ ಹಾಕುತ್ತಾ ಹೋದರೆ "ಗ್ರಂಥಾಲಯ", "ಲೈಬ್ರರಿ", "ಪುಸ್ತಕಾಲಯ" ಮೂರೂ ಸೇರಿಕೊಂಡು, ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಇರುವುದಿಲ್ಲ.

ವೆಬ್ ವಿಳಾಸ ಕನ್ನಡದಲ್ಲೇ ಇಡ್ಬಹುದಾ?

ಇಡಬಹುದು, ಕೆಲಸ ಮಾಡುತ್ತದೆ. ಆದರೆ ಅದನ್ನು ನಕಲು ಮಾಡಿ ಮೆಸೇಜ್‌ನಲ್ಲಿ ಅಂಟಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಬಾಲವಾಗುತ್ತದೆ, ಕಾಗದದ ಮೇಲೆ ಬರೆದುಕೊಳ್ಳೋಕಂತೂ ಆಗಲ್ಲ. ಪುಸ್ತಕದ ಪುಟಗಳಿಗೆ ಪರಿಗ್ರಹಣ ಸಂಖ್ಯೆಯನ್ನೇ ವಿಳಾಸ ಮಾಡಿ. ಹೆಸರಿನ ಕಾಗುಣಿತ ನಾಳೆ ತಿದ್ದಿದರೂ ವಿಳಾಸ ಅಲುಗುವುದಿಲ್ಲ.

ಡೇಟಾ ಫೈಲ್ ಇರೋ ಪುಟದಲ್ಲಿ ಡೌನ್‌ಲೋಡ್ ಬಟನ್ ಒಂದಿದ್ರೆ ಸಾಕಲ್ವಾ?

ಸಾಲದು. ಎಷ್ಟು ಸಾಲು ಇದೆ, ಕೊನೆಗೆ ಯಾವತ್ತು ಬದಲಾಯಿತು, ಲೈಸೆನ್ಸ್ ಏನು, ಪ್ರತಿ ಕಾಲಂನ ಅರ್ಥ ಏನು, ಇಷ್ಟು ಬೇಕೇ ಬೇಕು. ಇವೆಲ್ಲಕ್ಕಿಂತ ಮುಖ್ಯ ಅಂತ ನನಗೆ ಅನಿಸುವುದು "ನಮಗೆ ಗೊತ್ತಿರುವ ತಪ್ಪುಗಳು" ಅನ್ನುವ ನಾಲ್ಕು ಸಾಲು. "ಮಕ್ಕಳ ಪುಸ್ತಕ ಇನ್ನೂ ಸೇರಿಲ್ಲ, 400ರಿಂದ 620ರವರೆಗೆ ಪ್ರಕಾಶಕರ ಹೆಸರು ಖಾಲಿ" ಅಂತ ಬರೆದುಬಿಡಿ. ನಾಚಿಕೆ ಯಾಕೆ? ಬರೆದರೆ ಯಾರೋ ತಿದ್ದಿ ಕಳಿಸುತ್ತಾರೆ, ಮುಚ್ಚಿಟ್ಟರೆ ಯಾರೋ ನಂಬಿ ಕೆಡುತ್ತಾರೆ.

ಹಳೇ ಲೇಖನಗಳನ್ನ ತೆಗೆದುಹಾಕ್ಲಾ? ಸಾಫ್ಟ್‌ವೇರ್ ಬದಲಾಗೋಯ್ತು

ತೆಗೆಯಬೇಡಿ. ಮೇಲ್ಗಡೆ "ಇದು 2018ರ ಮಾತು, ಈಗಿನದು ಇಲ್ಲಿದೆ" ಅಂತ ಕೊಂಡಿ ಕೊಡಿ. ಇನ್ನೂ ಹಳೆಯ ಆವೃತ್ತಿಯಲ್ಲೇ ಒದ್ದಾಡುತ್ತಿರುವ ಲೈಬ್ರರಿ ಒಂದಲ್ಲ ಒಂದು ಇದ್ದೇ ಇರುತ್ತದೆ. ಪುಟದ ಜಾಗ ಬದಲಾದರೆ ಹಳೆಯ ವಿಳಾಸದಿಂದ ಹೊಸದಕ್ಕೆ ತಾನೇ ಹೋಗುವ ಹಾಗೆ ಮಾಡಿ.

ನಮ್ಮ ಪುಸ್ತಕ ಗೂಗಲ್‌ನಲ್ಲಿ ಬರೋದೇ ಇಲ್ಲ, ಯಾಕೆ?

ನಿಮ್ಮ ಪಟ್ಟಿ ಹುಡುಕು ಡಬ್ಬದ ಹಿಂದೆ ಇರಬೇಕು. ಡಬ್ಬದಲ್ಲಿ ಟೈಪ್ ಮಾಡಿದರೆ ಮಾತ್ರ ಪುಸ್ತಕ ಕಾಣುತ್ತದೆ ಅಂದರೆ ಗೂಗಲ್‌ಗೂ ಕಾಣುವುದಿಲ್ಲ, ಅದು ಬಂದು ಟೈಪ್ ಮಾಡುತ್ತಾ ಕೂರಲ್ಲ. ಪ್ರತಿ ಪುಸ್ತಕಕ್ಕೂ ಒಂದು ಪುಟ, ಎಲ್ಲ ಪುಟಗಳ ವಿಳಾಸ ಇರುವ ಒಂದು ಸೈಟ್‌ಮ್ಯಾಪ್ ಬೇಕು. ಸಿಎಸ್‌ವಿ ಕೊಟ್ಟರೆ ಮೂರು ಸಾವಿರ ಪುಟವನ್ನು ಒಂದೇ ಸಲ ಮಾಡಿಕೊಡುವ ಉಚಿತ ಸಾಧನಗಳಿವೆ, ಹ್ಯೂಗೋ ಅಂಥದ್ದು. ಫೈಲ್ ತಿದ್ದಿ ಮತ್ತೆ ಓಡಿಸಿದರೆ ಪುಟಗಳೂ ತಿದ್ದಿಕೊಳ್ಳುತ್ತವೆ. ಪುಟವನ್ನು ಕೈಯಲ್ಲಿ ತಿದ್ದುವ ಚಟ ಮಾತ್ರ ಹತ್ತಿಸಿಕೊಳ್ಳಬೇಡಿ. ಫೈಲೇ ತಾಯಿ, ಪುಟಗಳು ಮಕ್ಕಳು.

## ಸ್ವಲ್ಪ ಮುಂದೆ ಹೋದವರಿಗೆ

ಲೈಸೆನ್ಸ್ ಯಾವುದು ಹಾಕೋದು? ಬೇರೆಯವರು ದುಡ್ಡು ಮಾಡ್ಕೊಂಡ್ರೆ?

ಮಾಡಿಕೊಳ್ಳಲಿ ಬಿಡಿ. ಪುಸ್ತಕದ ಹೆಸರು, ಲೇಖಕರು, ವರ್ಷ ಇವು ಬರೀ ಸಂಗತಿಗಳು, ಸಂಗತಿಗೆ ಕಾಪಿರೈಟ್ ಇಲ್ಲ. ಪುಸ್ತಕ ಪಟ್ಟಿಗೆ ಕ್ರಿಯೇಟಿವ್ ಕಾಮನ್ಸ್‌ನವರ ಸಿಸಿ ಸೊನ್ನೆ (CC0) ಹಾಕಿ, ಅಂದರೆ ಯಾವ ಷರತ್ತೂ ಇಲ್ಲ. ಹಾರ್ವರ್ಡ್ ಮಾಡಿದ್ದೂ ಅದೇ, ವಿಕಿಡೇಟಾ ಇರುವುದೂ ಅದರಲ್ಲೇ. "ವಾಣಿಜ್ಯ ಬಳಕೆಗೆ ಇಲ್ಲ" ಅಂತ ಹಾಕಿದರೆ ವಿಕಿಡೇಟಾದವರೂ ಮುಟ್ಟುವ ಹಾಗಿಲ್ಲ. 1965ರ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ಜನ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಕಟ್ಟುತ್ತಿದ್ದಾರೆ. ಸಾರ್ವಜನಿಕ ಲೈಬ್ರರಿಯ ಪಟ್ಟಿ ಅವರದೇ ಅಲ್ವಾ?

ಮುಖಪುಟದ ಚಿತ್ರ, ಬೆನ್ನುಡಿ ಬೇರೆ ಮಾತು. ಅವಕ್ಕೆ ಕಾಪಿರೈಟ್ ಇದೆ, ಅದನ್ನು ನಿಮ್ಮ ಲೈಸೆನ್ಸ್ ಅಡಿ ಸೇರಿಸಬೇಡಿ. ನೀವು ಬರೆದ ಲೇಖನಗಳಿಗೆ ಹೆಸರು ಹೇಳಿ ಬಳಸಿ ಅನ್ನುವ ಲೈಸೆನ್ಸ್ ಸಾಕು.

ಯಾರು ಯಾವ ಪುಸ್ತಕ ತಗೊಂಡ್ರು ಅನ್ನೋದನ್ನೂ ಹಾಕಿದ್ರೆ ಚೆನ್ನಾಗಿರ್ತದಲ್ವಾ?

ಬೇಡ. ಹೆಸರು ತೆಗೆದು ಹಾಕ್ತೀವಿ ಅಂದರೂ ಬೇಡ. ಊರು ಚಿಕ್ಕದು, "ಹೆಂಗಸು, 40 ವರ್ಷ, ಪೂರ್ವದ ಬೀದಿ" ಅಂದರೆ ಯಾರು ಅಂತ ಹೋಟೆಲ್‌ನಲ್ಲಿ ಕೂತವರೆಲ್ಲ ಹೇಳುತ್ತಾರೆ. ವಿಚ್ಛೇದನದ ಕಾನೂನಿನ ಪುಸ್ತಕವನ್ನೋ ಕಾಯಿಲೆಯ ಪುಸ್ತಕವನ್ನೋ ಒಯ್ದವರ ಕಥೆ ಏನಾಗಬೇಕು? ಈ ಪುಸ್ತಕ ಒಟ್ಟು ಇಷ್ಟು ಸಲ ಹೋಗಿದೆ ಅನ್ನುವ ವರ್ಷದ ಲೆಕ್ಕ ಕೊಡಬಹುದು. ಅದೂ ಒಂದೆರಡೇ ಸಲ ಹೋಗಿದ್ದರೆ ಕೊಡಬೇಡಿ.

ಮಾರ್ಕ್, ಡಬ್ಲಿನ್ ಕೋರ್, ಓಎಐ ಎಲ್ಲಾ ಕಲೀಲೇಬೇಕಾ?

ಹೆಸರು ಗೊತ್ತಿದ್ದರೆ ಸಾಕು, ಬೇಕಾದಾಗ ಕಲಿಯಬಹುದು. ಮಾರ್ಕ್ 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಮ್ ಮುಂದೆ ನಿಂತು ಮಾಡಿದ್ದು, ಕಂಪ್ಯೂಟರ್ ಓದುವ ಕ್ಯಾಟಲಾಗ್ ಕಾರ್ಡ್. ಒಳಗಿನ ಒಂದೊಂದು ವಿವರಕ್ಕೂ ಒಂದೊಂದು ನಂಬರ್: 245 ಅಂದರೆ ಹೆಸರು, 100 ಅಂದರೆ ಲೇಖಕರು, 020 ಅಂದರೆ ಐಎಸ್‌ಬಿಎನ್. ಕನ್ನಡದವರಿಗೆ ಬೇಕಾದ್ದು 880, ಅದೇ ಹೆಸರನ್ನು ಇನ್ನೊಂದು ಲಿಪಿಯಲ್ಲಿ ಬರೆಯುವ ಜಾಗ. ಡಬ್ಲಿನ್ ಕೋರ್ ಅಂದರೆ ಪುಸ್ತಕದಂಥ ವಸ್ತುವನ್ನು ವಿವರಿಸಲು 15 ಅಂಶಗಳ ಚಿಕ್ಕ ಪಟ್ಟಿ. ಐರ್ಲೆಂಡಿನ ಡಬ್ಲಿನ್ ಅಲ್ಲ, ಅಮೆರಿಕದ ಓಹಾಯೋದ ಡಬ್ಲಿನ್. ಓಎಐ ಅಂದರೆ ಒಂದು ಲೈಬ್ರರಿಯ ದಾಖಲೆಗಳನ್ನು ಇನ್ನೊಂದು ಕಂಪ್ಯೂಟರ್ ತಾನಾಗಿ ಬಂದು ಒಯ್ಯುವ ವ್ಯವಸ್ಥೆ. ಕೊಹಾದಲ್ಲಿ ಆನ್ ಮಾಡಿದರೆ ಸಾಕು.

ನಮ್ಮ ಪಟ್ಟೀನ ವಿಕಿಡೇಟಾಗೆ ಪೂರ್ತಿ ಸುರಿದ್ರೆ?

ಸುರಿಯಬೇಡಿ, ಅಲ್ಲಿಯವರು ಬೈತಾರೆ, ಬೈಯಬೇಕಾದ್ದೇ. ಆಗಲೇ ಇರುವ ಪುಸ್ತಕವನ್ನು ಮತ್ತೆ ಸೇರಿಸಿದರೆ ಸ್ವಚ್ಛ ಮಾಡುವವರಿಗೆ ತಲೆನೋವು. ಮೊದಲು ಲೇಖಕರ ಹೆಸರು ಹೊಂದಿಸಿ, ಓಪನ್‌ರಿಫೈನ್‌ನಿಂದಲೇ ಆಗುತ್ತದೆ. ಆಮೇಲೆ ಇಲ್ಲದ್ದನ್ನು ಹತ್ತು ಹತ್ತಾಗಿ ಸೇರಿಸಿ. ಬರೀ ಪುಸ್ತಕಕ್ಕೇ ಅಂತ ಬೇಕಾದರೆ, ವೆಬ್‌ನಲ್ಲಿ ಪುಸ್ತಕ, ಫೈಲುಗಳನ್ನು ಉಚಿತವಾಗಿ ಕಾಪಿಡುವ ಇಂಟರ್ನೆಟ್ ಆರ್ಕೈವ್‌ನವರ ಓಪನ್ ಲೈಬ್ರರಿ ಇದೆ, ಜಗತ್ತಿನ ಪ್ರತಿ ಪುಸ್ತಕಕ್ಕೂ ಒಂದು ಪುಟ ಅನ್ನುವ ಆಸೆಯಿಂದ ಹುಟ್ಟಿದ್ದು. ಅಲ್ಲಿ ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು, ಇಡೀ ಪಟ್ಟಿಯನ್ನೇ ಇಳಿಸಿಕೊಳ್ಳಲೂಬಹುದು. ಮಂಡ್ಯದ ಕಡೆ ಅಚ್ಚಾದ ಪುಸ್ತಕಗಳನ್ನು ಒಂದು ಸಂಜೆ ಕೂತು ಅಲ್ಲಿ ಹುಡುಕಿ ನೋಡಿ, ಕೆಲಸ ಎಷ್ಟು ಬಾಕಿ ಇದೆ ಅಂತ ಗೊತ್ತಾಗುತ್ತದೆ.

ನಾನು ವರ್ಗ ಆಗಿ ಹೋದ್ರೆ ಸೈಟ್ ಗತಿ ಏನು?

ಈ ಪ್ರಶ್ನೆ ಕೇಳಿದವರು ಒಬ್ಬರೇ, ಮದ್ದೂರು ಕಡೆಯ ಲೈಬ್ರರಿಯನ್ ಮೇಡಂ. ಎಲ್ಲರೂ ಕೇಳಬೇಕಿತ್ತು. ನಾನು ಕೈಜೋಡಿಸಿದ್ದ ಒಂದು ಸೈಟ್, ಡೊಮೈನ್ ಹೆಸರಿನ (ಅಂದರೆ ಸೈಟ್‌ನ ವಿಳಾಸದ) ನವೀಕರಣದ ಈಮೇಲ್ ಹೊರಟುಹೋದವರ ಖಾತೆಗೆ ಬರುತ್ತಿದ್ದರಿಂದ ಸತ್ತುಹೋಯಿತು. ಬಾಕಿ ಇದ್ದದ್ದು ಒಂದು ಸಾವಿರ ರೂಪಾಯಿಯ ಆಸುಪಾಸು. ಹೆಸರನ್ನು ಬೇರೆ ಯಾರೋ ಕೊಂಡುಕೊಂಡರು, ಈಗ ಅಲ್ಲಿ ಇಸ್ಪೀಟು ಆಟ ನಡೆಯುತ್ತದೆ.

ಅದಕ್ಕೆ ಮೇಡಂಗೆ ಹೇಳಿದ್ದು ಇಷ್ಟು. ಡೊಮೈನ್ ಖಾತೆ ಲೈಬ್ರರಿಯ ಈಮೇಲ್‌ಗೆ ಇರಲಿ, ನಿಮ್ಮದಕ್ಕೆ ಬೇಡ. ನವೀಕರಣದ ದಿನಾಂಕವನ್ನು ಪರಿಗ್ರಹಣ ರಿಜಿಸ್ಟರ್‌ನ ಮೊದಲ ಪುಟದಲ್ಲೇ ಬರೆಯಿರಿ, ಅದನ್ನು ಯಾರೂ ಕಳೆಯುವುದಿಲ್ಲ. ವರ್ಷಕ್ಕೆರಡು ಸಲ ಸಿಎಸ್‌ವಿ ಫೈಲನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಿ. ಅದೇ ಫೈಲ್ ಇರುವ ಪೆನ್‌ಡ್ರೈವ್ ಒಂದನ್ನು ಬೀರುವಿನ ಬೀಗದ ಕೈ ಗೊಂಚಲಿಗೇ ಕಟ್ಟಿ. ಅಧಿಕಾರ ವಹಿಸಿಕೊಡುವಾಗ ಕೀ ಕೊಡಲೇಬೇಕಲ್ಲ, ಪಟ್ಟಿಯೂ ಜೊತೆಗೆ ಹೋಗುತ್ತದೆ. ಮೇಡಂ ಹಾಗೇ ಮಾಡಿದ್ದಾರೆ, ಗೊಂಚಲಿನಲ್ಲಿ ಹಸಿರು ಪೆನ್‌ಡ್ರೈವ್ ನೇತಾಡುವುದನ್ನು ಮೊನ್ನೆ ಹೋದಾಗ ನೋಡಿದೆ.